ನಾಲ್ಕು ಅಂಕಿ

ಬೇಲೂರು ರಸ್ತೆಯಲ್ಲಿ ಸಾ ಮಿಲ್ಲು ದಾಟಿದರೆ
ಎಡಕ್ಕೊಂದು ತಗಡಿನ ಶೆಡ್ಡು, ನಮ್ಮ ವಾಟರ್ ಸರ್ವಿಸ್.
ಬೋರ್ಡಿನ ಅರ್ಕಾವೊತ್ತು ಉದುರಿ ಸವಿಸ್ ಆಗಿದೆ.
ಬರೆಸಬೇಕು, ಬರೆಸಬೇಕು ಅಂತಲೇ ಆರು ವರ್ಷ.

ಹಾಸನದ ಜನ ಮುಖ ನೋಡಿ ಗುರುತು ಹಿಡಿಯುತ್ತಾರೆ.
ಕುಕ್ಕರಗಾಲಲ್ಲಿ ಕೂತವನು ನಾನು,
ನನಗೆ ಮೊದಲು ಕಾಣುವುದು ಟೈರು.

ನೊರೆ ಇಳಿದು, ಗಾಜು ಕೀಚಲುಗುಟ್ಟುವಂತೆ ಒರೆಸಿ
ಕೊನೆಗೆ ಸ್ಪ್ರೇ ಡಬ್ಬಿ.
ಒಳಗಿನ ಗೋಲಿ ಕಟಕಟ ಅನ್ನುವಂತೆ ಕುಲುಕಿ
ಒಂದು ಗೇಣು ದೂರದಿಂದ ಸುಯ್ಯೆಂದು ಒಂದು ಸುತ್ತು.
ಬೂದಿ ಬಡಿದ ರಬ್ಬರು ಅಷ್ಟರಲ್ಲೇ
ಬಾಣಲೆಯಿಂದ ಈಗಷ್ಟೇ ಎದ್ದ ಎಣ್ಣೆಗಾಯಿ ಬದನೆ!

ಎಷ್ಟು ದಿನ ಇರುತ್ತೆ? ಎಲ್ಲರೂ ಕೇಳುತ್ತಾರೆ.
ಊರೊಳಗೇ ಓಡಾಡಿದರೆ ಒಂದು ವಾರ ಸ್ವಾಮಿ,
ಸಕಲೇಶಪುರದ ಕಡೆ ಹೋದರೆ ಸಾಯಂಕಾಲದವರೆಗೆ.
ಹತ್ತು ನಿಮಿಷ ಒಣಗಲು ಬಿಡಿ ಅಂದರೆ ಯಾರು ನಿಲ್ಲುತ್ತಾರೆ?
ಸರ್ಕಲ್ಲು ಮುಟ್ಟುವ ಮೊದಲೇ ಬಿಳಿ ಬಾಗಿಲ ತುಂಬ
ಸಿಡಿದ ಕರಿಚುಕ್ಕಿ, ಕೂಸಿಗಿಟ್ಟ ದೃಷ್ಟಿಬೊಟ್ಟಿನ ಹಾಗೆ.
ತಿರುಗಿ ಬಂದು ಬೈಯುತ್ತಾರೆ. ಒರೆಸಿ ಕೊಡುತ್ತೇನೆ.

ಡಬ್ಬಿಯ ಬೆನ್ನಿಗೆ ಬೆಂಕಿಯ ಚಿತ್ರವಿದೆ.
ಅದನ್ನು ನೋಡುತ್ತಲೇ ರಂಗಸ್ವಾಮಿ ಬೀಡಿ ಹಚ್ಚುತ್ತಾನೆ.
ಅತ್ತ ಹೋಗಿ ಸೇದೋ ಮಾರಾಯ ಅಂದರೆ
ಎರಡು ಹೆಜ್ಜೆ ಹೋಗುತ್ತಾನೆ. ಎರಡೇ.

ಮೊದಮೊದಲು ನನಗೂ ಗೊತ್ತಿರಲಿಲ್ಲ.
ಪೆನ್ಷನ್ ಮೊಹಲ್ಲಾದ ಶೋಯೆಬ್, ನಾಳೆ ತಂಗಿಯ ಮದುವೆ,
ಬೈಕು ತಂದು ನಿಲ್ಲಿಸಿ, ಭಾಯ್, ಟೈರು ಪೂರ್ತಿ ಹೊಡಿ,
ನೆಲ ಮುಟ್ಟುವ ಜಾಗವೂ ಮಿಂಚಬೇಕು ಅಂದ.
ಹೊಡೆದೆ.
ಗೇಟಿನ ತಿರುವು ದಾಟಲಿಲ್ಲ ಹುಡುಗ.
ಮದುವೆ ಮನೆ ಬಾಗಿಲಲ್ಲಿ ಬಲಗೈ ಕೊರಳಿಗೆ ತೂಗಿ
ಸಲಾಮಿಗೆ ಕೈಯೆತ್ತಲಾಗದೆ ತಲೆಯಾಡಿಸುತ್ತಿದ್ದ.
ಏನಾಯ್ತೆಂದು ಕೇಳಿದವರಿಗೆಲ್ಲ ಹೇಳಿದನಂತೆ:
ನಾಯಿ ಅಡ್ಡ ಬಂತು.

ನಾಯಿ ಇರಲಿಲ್ಲ.

ಅಂದಿನಿಂದ ಬೈಕಿಗೆ ಇಲ್ಲ. ದುಡ್ಡು ಎಷ್ಟಾದರೂ ಕೊಡಿ, ಇಲ್ಲ.
ಕಾರಿಗಾದರೂ ಸ್ಪಂಜಿಗೆ ಹೊಡೆದು ಸ್ಪಂಜಿನಿಂದ ಬಳಿಯುತ್ತೇನೆ,
ಪಕ್ಕೆಗೆ ಮಾತ್ರ, ಬ್ರೇಕಿನ ತಟ್ಟೆಗೆ ಹಳೇ ಪಂಚೆ ಹೊದಿಸಿ.
ನಿಧಾನ ಅಂತ ಗಿರಾಕಿಗಳು ಗೊಣಗುತ್ತಾರೆ.

ಮೊನ್ನೆ ಬ್ರೋಕರ್ ಲಕ್ಕೇಗೌಡರು ಒಂದು ಬಿಳಿ ಕಾರು ತಂದರು.
ಟೈರಿನ ಪಕ್ಕೆಯೆಲ್ಲ ಬಿರುಕು, ಅಜ್ಜಿಯ ಹಿಮ್ಮಡಿ.
ಹನ್ನೊಂದಕ್ಕೆ ಪಾರ್ಟಿ ಬರ್ತಾರೆ ಕಣಪ್ಪ,
ಕನ್ನಡಿ ಥರ ಮಾಡು, ನೂರು ಜಾಸ್ತಿ ಹಿಡ್ಕೊ.
ಮಾಡಿದೆ. ನನ್ನ ಕೆಲಸವೇ ಅದು.
ಬಿರುಕೆಲ್ಲ ಎಣ್ಣೆ ಕುಡಿದು ಮುಚ್ಚಿಕೊಂಡವು,
ನನಗೇ ಗುರುತು ಸಿಗದಷ್ಟು.

ಗೌಡರು ಟೀ ಕುಡಿಯಲು ಆಚೆ ಹೋದರು.
ಎಡ ಮುಂಗಾಲಿಯ ಪಕ್ಕೆಯಲ್ಲಿ ಹೆಬ್ಬೆಟ್ಟಿನಗಲ
ಒಂದು ಮೊಟ್ಟೆಯಾಕಾರದ ಗೆರೆ, ಅದರೊಳಗೆ ನಾಲ್ಕು ಅಂಕಿ:
ಎರಡು ಎರಡು, ಒಂದು ಐದು.
ಇಪ್ಪತ್ತೆರಡನೇ ವಾರ, ಹದಿನೈದನೇ ಇಸವಿ.
ಒಣಬಟ್ಟೆಯಿಂದ ಅಷ್ಟೇ ಜಾಗ ಒರೆಸಿದೆ.
ಹೊಳಪಿನ ನಡುವೆ ಒಂದು ಮಂಕು ಮಚ್ಚೆ.
ಒರೆಸಿದ್ದು ಸರಿಯೋ, ಕೊಂಡ ಉಪ್ಪಿಗೆ ಎರಡೋ ಗೊತ್ತಾಗಲಿಲ್ಲ.

ಬಂದದ್ದು ಆಲೂರಿನ ನರ್ಸು, ಫಿಲೋಮಿನಾ ಸಿಸ್ಟರ್.
ತಿಂಗಳಿಗೊಮ್ಮೆ ಶಿರಾಡಿ ಇಳಿದು ಅಕ್ಕನ ಮನೆಗೆ ಹೋಗಬೇಕಂತೆ.
ಟೈರು ಹೊಸದಾ?
ನೋಡಿ ಮೇಡಂ ಹೆಂಗೆ ಹೊಳೀತಿದೆ, ಅಂದರು ಗೌಡರು.
ಸಿಸ್ಟರ್ ನೋಡಿದರು. ಮಚ್ಚೆಯ ಹತ್ತಿರ ನಿಂತರು. ಬಗ್ಗಿದರು.
ಸೂಜಿಮದ್ದಿನ ಸೀಸೆಯ ಮೇಲೆ ತಾರೀಕು ಓದಿ ಓದಿ
ಪಳಗಿದ ಕಣ್ಣು.

ನಾಲ್ಕೂ ಹೊಸದು ಹಾಕಿಸಿ, ಆಮೇಲೆ ಮಾತು.

ಗೌಡರು ನನ್ನ ಕಡೆ ತಿರುಗಿದರು.
ನಾನು ಹಿಂದಿನ ಗಾಜಿನ ಮೇಲೆ
ಒಂದು ಕಲೆಯನ್ನು ಉಜ್ಜಿ ಉಜ್ಜಿ ಒರೆಸುತ್ತಿದ್ದೆ.

ಕಲೆ ಇರಲಿಲ್ಲ.